"ಗ್ಯಾಸ್ ಖಾಲಿ ಸಾರ್" ಅಂದ್ರೆ ಪರ್ಸ್ ತೆಗೀಬೇಡಿ: ಶಿವಮೊಗ್ಗದಲ್ಲಿ ಎರಡು ಸಲ ಎಸಿ ರಿಪೇರಿ ಮಾಡಿಸಿದ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಇಬ್ಬರ ಕೆಲಸದ ರಿವ್ಯೂ ಇದೆ, ಇಬ್ಬರ ಹೆಸರೂ ಹಾಕಲ್ಲ. ಮೊದಲನೇವ್ರ ಹೆಸರು ಹಾಕಿದ್ರೆ ಸುಮ್ನೆ ಜಗಳ. ಎರಡನೇವ್ರು ತಾವೇ "ಹಾಕ್ಬೇಡಿ ಸಾರ್, ಏಪ್ರಿಲ್ ಮೇನಲ್ಲಿ ಈಗ ಬರೋ ಫೋನೇ ಎತ್ತಕ್ಕಾಗ್ತಿಲ್ಲ" ಅಂದ್ರು.

ನಮ್ಮನೆ ವಿನೋಬನಗರದಲ್ಲಿ. ಮಹಡಿ ಮೇಲಿನ ರೂಮು ಅಪ್ಪಂದು, ಅದರ ಮೇಲೆ ಬರೀ ಆರ್‌ಸಿಸಿ, ಮಧ್ಯಾಹ್ನ ಮೂರಕ್ಕೆ ಆ ರೂಮಿಗೆ ಹೋದ್ರೆ ಕಾದ ಕಾವಲಿ ಕೆಳಗೆ ನಿಂತ ಹಾಗಿರುತ್ತೆ. ತೀರ್ಥಹಳ್ಳಿ ಹತ್ರ ಇರೋ ಚಿಕ್ಕಪ್ಪ ಬಂದಾಗೆಲ್ಲ "ಮಲೆನಾಡಲ್ಲಿದ್ದು ಎಸಿ ಎಂತಕ್ಕೆ ಮಾರಾಯ" ಅಂತ ನಗ್ತಾರೆ, ಆಮೇಲೆ ಊಟ ಮುಗಿಸಿ ಅದೇ ರೂಮಲ್ಲಿ ಹೋಗಿ ಮಲಗ್ತಾರೆ, ಅದು ಬಿಡಿ. 2019ರಲ್ಲಿ ತಗೊಂಡ ಒಂದೂವರೆ ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ, ಆರ್-32 ಗ್ಯಾಸಿನದ್ದು. ಇಷ್ಟು ವರ್ಷ ಸರ್ವಿಸ್ ಬಿಟ್ರೆ ಬೇರೆ ಖರ್ಚೇ ಇರ್ಲಿಲ್ಲ, ಈ ಏಪ್ರಿಲ್‌ನಲ್ಲಿ ಗಾಳಿ ಬರುತ್ತೆ ತಣ್ಣಗಿಲ್ಲ ಅನ್ನೋ ಹಾಗಾಯ್ತು.

ಫೋನಲ್ಲಿ ಬುಕ್ ಮಾಡಿದೆ. ಬಂದ ಹುಡುಗ ಚುರುಕಾಗೇ ಇದ್ದ, ಫಿಲ್ಟರ್ ಕೂಡ ತೆಗೆದು ನೋಡ್ಲಿಲ್ಲ, ಸೀದಾ ಟೆರೇಸಿಗೆ ಹೋಗಿ ಗ್ಯಾಸಿನ ಒತ್ತಡ ತೋರಿಸೋ ಗೇಜ್ ಹಾಕಿ "ನೋಡಿ ಸಾರ್ ಮುಳ್ಳು ಎಲ್ಲಿದೆ, ಗ್ಯಾಸ್ ಖಾಲಿ" ಅಂದ. ನನಗೇನು ಗೊತ್ತು, ಸ್ಕೂಟರ್‌ಗೆ ಪೆಟ್ರೋಲ್ ಖಾಲಿ ಆದ ಹಾಗೆ ಇದೂ ಇರ್ಬೇಕು ಅಂದ್ಕೊಂಡು ಹಾಕು ಅಂದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗೀತು, 3,200 ರೂಪಾಯಿ. ಬಿಲ್ ಕೇಳಿದ್ರೆ "ಬಿಲ್ ಬೇಕಂದ್ರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಆಗುತ್ತೆ ಸಾರ್" ಅಂದ, ನಾನೂ ಆಸೆಗೆ ಬಿದ್ದು ಬೇಡ ಬಿಡು ಅಂದೆ. ನನ್ನ ತಪ್ಪು ಅಂದ್ರೆ ಅಲ್ಲೇ. ಮೂರೂವರೆ ವಾರಕ್ಕೆ ಮತ್ತೆ ಅದೇ ಕಥೆ, ಫೋನ್ ಮಾಡಿದ್ರೆ "ಗ್ಯಾಸ್‌ಗೆ ವಾರಂಟಿ ಬರಲ್ಲ". ಗ್ರಾಹಕರ ಸಹಾಯವಾಣಿ 1915 ಇದೆ, ದೂರು ಕೊಡಬಹುದಿತ್ತು, ಆದ್ರೆ ಎಂತ ತೋರಿಸಿ ಕೊಡೋದು? ಕೈಯಲ್ಲಿ ಒಂದು ಚೀಟಿ ಇಲ್ಲ. ಇವರಿಗೆ ಐದಕ್ಕೆ ಒಂದು, ಅದೂ ಹುಡುಗ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಕ್ಕೆ.

ಎರಡನೇವ್ರು ಆಫೀಸಿನವರೊಬ್ಬರು ಹೇಳಿ ಕಳಿಸಿದ್ದು, ಐವತ್ತೈದು ವಯಸ್ಸಿನ ಆಸುಪಾಸು. ಬೆಳಿಗ್ಗೆ ಹತ್ತಕ್ಕೆ ಅಂದವರು ಸಾಯಂಕಾಲ ನಾಲ್ಕಕ್ಕೆ ಬಂದ್ರು, ಅದಕ್ಕೆ ಅರ್ಧ ಮಾರ್ಕು ಕಟ್. ನಾನು ಹೋದ ಸಲದ ಕಥೆ ಎಲ್ಲಾ ಹೇಳಿದೆ, ಅವರು ಕೇಳಿದ್ದು ಒಂದೇ ಪ್ರಶ್ನೆ, "ಗ್ಯಾಸ್ ಹಾಕಿದ್ರು ಸರಿ, ಹೋಗಿದ್ದೆಲ್ಲಿಂದ ಅಂತ ಹೇಳಿದ್ರಾ?"

ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗಲ್ಲ ಮಾರಾಯ್ರೆ. ಮುಚ್ಚಿದ ಪೈಪೊಳಗೆ ಸುತ್ತುತ್ತಾ ಇರುತ್ತೆ ಅಷ್ಟೇ, ರೂಮೊಳಗಿನ ಬಿಸಿ ತಗೊಂಡು ಹೋಗಿ ಹೊರಗೆ ಬಿಡುತ್ತೆ, ವಾಪಸ್ ಬರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಇಲ್ಲಾ ಫಿಟ್ ಮಾಡಿದ ದಿನವೇ ಸರಿಯಾಗಿ ತುಂಬಿರ್ಲಿಲ್ಲ. ಲೀಕ್ ಹುಡುಕದೆ ಗ್ಯಾಸ್ ಹಾಕ್ಸೋದು ಪಂಕ್ಚರ್ ಹಾಕ್ಸದೆ ಗಾಳಿ ಹೊಡೆಸಿದ ಹಾಗೆ.

ಅವರು ಮೊದಲು ಫಿಲ್ಟರ್ ತೆಗೆದು ನೋಡಿದ್ರು, ಯಾಕಂದ್ರೆ ಧೂಳು ಕಟ್ಟಿದ್ರೂ ಕೂಲಿಂಗ್ ಕಮ್ಮಿ ಆಗುತ್ತಂತೆ, ಕಾಯಿಲ್ ಮೇಲೆ ಐಸ್ ಕೂಡ ಕಟ್ಟುತ್ತಂತೆ, ಎಷ್ಟೋ ಮನೇಲಿ ಬರೀ ತೊಳೆದು ಕೊಟ್ರೆ ಸರಿಹೋಗುತ್ತಂತೆ. ನಮ್ಮದು ಕ್ಲೀನಾಗೇ ಇತ್ತು. ಆಮೇಲೆ ಒಳಗಿನ ಯೂನಿಟ್ ಹಿಂದೆ ಪೈಪ್ ಸೇರೋ ಜಾಗದಲ್ಲಿ ಕಪ್ಪು ಫೋಮ್ ಬಿಡಿಸಿದ್ರು. ನಟ್ಟಿನ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿ ಕರ್ರಗಾಗಿತ್ತು. ಗ್ಯಾಸ್ ಜೊತೆ ಕಂಪ್ರೆಸರ್ (ಗ್ಯಾಸನ್ನ ಒತ್ತಿ ಸುತ್ತಿಸೋ ಪಂಪು) ಆಯಿಲ್ ಸ್ವಲ್ಪ ಸುತ್ತುತ್ತಲ್ಲ, ಲೀಕ್ ಇರೋ ಕಡೆ ಅದೂ ಒಸರುತ್ತೆ. ಅಮ್ಮನ ಹತ್ರ ಪಾತ್ರೆ ತೊಳೆಯೋ ಲಿಕ್ವಿಡ್ ಇಸ್ಕೊಂಡು ನೊರೆ ಮಾಡಿ ಅಲ್ಲಿ ಹಚ್ಚಿದ್ರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನಟ್ಟಿನ ಕೆಳಗಿಂದ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದು, ನಿಧಾನಕ್ಕೆ ಕಡಲೆಕಾಳಷ್ಟಾಗಿ ಒಡೀತು, ಮತ್ತೊಂದು ಎದ್ದಿತು. "ನಿಮ್ಮ ಮೂರು ಸಾವಿರ ಹೋಗಿದ್ದು ಇಲ್ಲೇ ನೋಡಿ" ಅಂದ್ರು. ಅಪ್ಪ ಕನ್ನಡಕ ಹಾಕ್ಕೊಂಡು ಬಂದು ಬಗ್ಗಿ ನೋಡಿದ್ರು.

ತಾಮ್ರದ ಪೈಪಿನ ತುದೀಲಿ ಅಗಲ ಮಾಡಿರ್ತಾರಲ್ಲ ಫ್ಲೇರ್ ಅಂತ, ಅದು ಸೀಳಿತ್ತು, ಫಿಟ್ಟಿಂಗ್ ದಿನ ನಟ್ ಅತಿಯಾಗಿ ಬಿಗಿ ಮಾಡಿದ್ದಕ್ಕೆ ಇರ್ಬೇಕು ಅಂದ್ರು. ಅದನ್ನ ಕಟ್ ಮಾಡಿ ಹೊಸ ಫ್ಲೇರ್ ಮಾಡಿ, ಇನ್ನೂ ಲೀಕ್ ಇದೆಯಾ ಅಂತ ನೋಡಕ್ಕೆ ನೈಟ್ರೋಜನ್ ತುಂಬಿ ಅರ್ಧ ಗಂಟೆ ಗೇಜ್ ಮುಳ್ಳು ಇಳಿಯುತ್ತಾ ಅಂತ ಕಾದು, ಆಮೇಲೆ ಪೈಪೊಳಗಿನ ಗಾಳಿ ಎಳೆದು ತೆಗೆಯೋ ವ್ಯಾಕ್ಯೂಮ್ ಪಂಪ್ ಹಚ್ಚಿ ಕಾಫಿ ಕುಡಿಯೋಕೆ ಕೂತ್ರು. ಈ ವ್ಯಾಕ್ಯೂಮ್ ಮಾಡದೆ ಬಿಡೋ ಹಾಗಿಲ್ಲ, ಪೈಪಲ್ಲಿ ಗಾಳಿ, ನೀರಿನ ಪಸೆ ಉಳಿದ್ರೆ ಆಯಿಲ್ ಕೆಟ್ಟು ಕೊನೆಗೆ ಕಂಪ್ರೆಸರ್‌ಗೇ ಬರುತ್ತೆ. ಗ್ಯಾಸ್ ತುಂಬಿದ್ದು ತೂಕ ಹಾಕಿ. ಔಟ್‌ಡೋರ್ ಯೂನಿಟ್ ಪಕ್ಕದ ಸ್ಟಿಕರ್‌ನಲ್ಲಿ ಎಷ್ಟು ಗ್ಯಾಸ್ ಅಂತ ಬರೆದಿರುತ್ತೆ, ನಮ್ಮದರಲ್ಲಿ 780 ಗ್ರಾಂ. ಇನ್ವರ್ಟರ್ ಎಸಿಲಿ ಕಂಪ್ರೆಸರ್ ಸ್ಪೀಡ್ ಹೆಚ್ಚು ಕಮ್ಮಿ ಆಗ್ತಾ ಇರೋದ್ರಿಂದ ಬರೀ ಗೇಜ್ ಮುಳ್ಳು ನಂಬಿ ತುಂಬಿದ್ರೆ ಅಂದಾಜು ತಪ್ಪುತ್ತೆ. ಇನ್ನೊಂದು, ಆರ್-32ಗೆ ಸ್ವಲ್ಪ ಬೆಂಕಿ ಹಿಡಿಯೋ ಗುಣ ಇದೆ, ಪೈಪಲ್ಲಿ ಗ್ಯಾಸ್ ಇರೋವಾಗ್ಲೇ ಯಾರಾದ್ರೂ ಬೆಸುಗೆಗೆ ಬೆಂಕಿ ಹಚ್ಚಕ್ಕೆ ಹೊರಟ್ರೆ ದಯವಿಟ್ಟು ನಿಲ್ಲಿಸಿ.

ಬಿಲ್ ಕೈಯಲ್ಲಿ ಬರೆದದ್ದೇ, ಆದ್ರೆ ಬಿಡಿಸಿ ಬರೆದಿದ್ರು: ವಿಸಿಟ್ 400, ಫ್ಲೇರ್ ಕೆಲಸ ಮತ್ತೆ ನೈಟ್ರೋಜನ್ ಟೆಸ್ಟ್ 900, ಗ್ಯಾಸ್ ವ್ಯಾಕ್ಯೂಮ್ ಸೇರಿ 2,600. ಒಟ್ಟು 3,900, ಅದೇ ಜಾಗದ ಲೀಕಿಗೆ ಮೂರು ತಿಂಗಳು ನನ್ನ ಜವಾಬ್ದಾರಿ ಅಂತ ಕೆಳಗೆ ಸಹಿ. ಹೋದ ಸಲಕ್ಕಿಂತ 700 ಜಾಸ್ತಿ ಅಷ್ಟೇ.

ಕಾಫಿ ಕುಡೀತಾ ಬಾಕಿ ರೇಟೂ ಕೇಳಿಟ್ಕೊಂಡೆ. ನೀರು ಹೊಡೆದು ತೊಳೆಯೋ ಜೆಟ್ ಸರ್ವಿಸ್ 500ರಿಂದ 700. ಹಳೇ ಥರದ, ಇನ್ವರ್ಟರ್ ಅಲ್ಲದ ಎಸಿ ಆದ್ರೆ ಕಂಪ್ರೆಸರ್ ಸ್ಟಾರ್ಟ್ ಆಗದಿದ್ದಾಗ ಎಷ್ಟೋ ಸಲ ಹೋಗಿರೋದು ಬರೀ ಕೆಪಾಸಿಟರ್ (ಕಂಪ್ರೆಸರ್ ಸ್ಟಾರ್ಟ್ ಆಗಕ್ಕೆ ಬೇಕಾದ ಸಣ್ಣ ಭಾಗ), 500 ರೂಪಾಯಿ ಆಸುಪಾಸಲ್ಲಿ ಮುಗಿಯೋ ಕೆಲಸ, ಅದಕ್ಕೆ ಕಂಪ್ರೆಸರ್ ಹೋಗಿದೆ ಅಂತ ಹತ್ತು ಹನ್ನೆರಡು ಸಾವಿರ ಹೇಳಿದ್ರೆ ಇನ್ನೊಬ್ಬರನ್ನ ಕರೆಸಿ. ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಅಂತ ಕಾರ್ಡಲ್ಲಿ ದಪ್ಪ ಅಕ್ಷರದಲ್ಲಿರುತ್ತಲ್ಲ, ಸಾಮಾನ್ಯಕ್ಕೆ ಅದು ಆ ಸಾಮಾನಿಗೆ ಮಾತ್ರ, ಗ್ಯಾಸು, ಕೂಲಿ, ಸಾಗಣೆ ನಮ್ಮ ತಲೆ ಮೇಲೆ. ಸಣ್ಣಕ್ಷರ ಓದಿ.

ನಮ್ಮ ಕಡೆ ದೊಡ್ಡ ಬಿಲ್ ಬರೋದು ಪಿಸಿಬಿಯಿಂದ, ಅಂದ್ರೆ ಎಸಿ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಂದ. ಏಪ್ರಿಲ್ ಮೇ ಸಾಯಂಕಾಲ ಗುಡುಗು ಮಿಂಚಿನ ಮಳೆ ಬರುತ್ತಲ್ಲ, ಪಕ್ಕದ ಮನೆಯವರ ಬೋರ್ಡ್ ಹೋದ ವರ್ಷ ಹಾಗೇ ಸುಟ್ಟಿತ್ತು, ಹೊಸದಕ್ಕೆ ಒಂಬತ್ತು ಸಾವಿರ ಹೇಳಿದ್ರಂತೆ, ಬೋರ್ಡ್ ರಿಪೇರಿ ಮಾಡೋರ ಹತ್ರ ಕೊಟ್ಟು 2,800ಕ್ಕೆ ಸರಿ ಮಾಡಿಸಿದ್ರು. ಸ್ಟೆಬಿಲೈಜರ್ ಇದೆಯಲ್ಲ ಅಂತ ಕೂರ್ಬೇಡಿ, ಅದು ಇರೋದು ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗಲ್ಲ. ಗುಡುಗು ಶುರುವಾಗೋ ಮೊದಲೇ ಆಫ್ ಮಾಡಿ ಪ್ಲಗ್ ಕಿತ್ತಿಡೋದೇ ವಾಸಿ. ಇನ್ನೊಂದು ಶತ್ರು ಹಲ್ಲಿ. ಜೂನ್‌ಗೆ ಮಳೆ ಹಿಡಿದ್ರೆ ಅಕ್ಟೋಬರ್ ತನಕ ನಾವು ಎಸಿ ಮುಟ್ಟಲ್ಲ, ಅಷ್ಟರಲ್ಲಿ ಹಲ್ಲಿ ಇರುವೆ ಎಲ್ಲಾ ಔಟ್‌ಡೋರ್ ಯೂನಿಟ್ಟಲ್ಲಿ ಸಂಸಾರ ಹೂಡಿರುತ್ವೆ, ಸ್ವಿಚ್ ಹಾಕಿದ ದಿನ ಹಲ್ಲಿ ಬೋರ್ಡಿಗೆ ಅಡ್ಡ ಬಿದ್ದು ಅದೂ ಸಾಯುತ್ತೆ, ಬೋರ್ಡೂ ಸಾಯುತ್ತೆ. ಬೇಸಿಗೆ ಶುರುವಿಗೆ ಆನ್ ಮಾಡೋ ಮೊದಲೇ ಒಂದು ಸಲ ಸರ್ವಿಸ್ ಮಾಡಿಸಿ. ಫೆಬ್ರವರಿಲಿ ಕರೆದ್ರೆ ಮೆಕ್ಯಾನಿಕ್‌ಗಳೂ ಹೇಳಿದ ಟೈಮಿಗೆ ಬರ್ತಾರೆ.

ಎರಡನೇವ್ರಿಗೆ ಐದಕ್ಕೆ ನಾಲ್ಕೂವರೆ. ಹೋಗೋವಾಗ ಔಟ್‌ಡೋರ್ ಯೂನಿಟ್ ಮೇಲೆ ಮಾರ್ಕರ್‌ನಲ್ಲಿ ತಾರೀಖು, 780 ಗ್ರಾಂ ಅಂತ ಬರೆದು ಹೋದ್ರು. ನಾಳೆ ಇನ್ಯಾರಾದ್ರೂ ಬಂದು ಖಾಲಿ ಅಂದ್ರೆ ಮೊದಲು ಅದನ್ನ ತೋರಿಸ್ಬೇಕಂತೆ. ಅಪ್ಪ ಈಗ 24ಕ್ಕೆ ಇಟ್ಕೊಂಡು, ಮೇಲೆ ಕಂಬಳಿ ಹೊದ್ದು ಮಲಗ್ತಾರೆ.