ಕಾಫಿ ತೋಟದ ಲೆಕ್ಕಕ್ಕೆ ಸ್ವಂತ ವರದಿ: ಟ್ಯಾಲಿಯೊಳಗೋ, ಎಕ್ಸೆಲ್‌ನಲ್ಲೋ?

ಮಡಿಕೇರಿ, ವಿರಾಜಪೇಟೆ ಕಡೆಯ ತೋಟದ ಆಫೀಸುಗಳಲ್ಲಿ ಮಾಲೀಕರು ಕೇಳುವುದು ತೋಟವಾರು ಕೂಲಿ, ಗೊಬ್ಬರದ ಖರ್ಚು. ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ಅದನ್ನು ತೆಗೆಯಲು ಇಲ್ಲಿ ಮೂರು ದಾರಿ ಇವೆ. ವೋಚರ್ (ಪ್ರತಿ ವ್ಯವಹಾರದ ನಮೂದು) ಬರೆಯುವಾಗಲೇ ಕಾಸ್ಟ್ ಸೆಂಟರ್ (ಖರ್ಚು ಯಾವ ತೋಟದ್ದು ಎಂಬ ಗುರುತು) ಹಾಕಿರದಿದ್ದರೆ ಯಾವ ದಾರಿಯಲ್ಲೂ ಅದು ಸಿಗದು.

ಸೇವ್ ವ್ಯೂ (ವರದಿಯ ನೋಟವನ್ನು ಟ್ಯಾಲಿಯಲ್ಲೇ ಉಳಿಸಿಡುವುದು): ಟ್ಯಾಲಿಪ್ರೈಮ್‌ನಲ್ಲಿ ವರದಿ ತೆರೆದು, ಎಫ್12ರಲ್ಲಿ ಬೇಕಾದ್ದನ್ನು ಆರಿಸಿ ಕಂಟ್ರೋಲ್+ಎಲ್ ಒತ್ತಿ. ದಿನನಿತ್ಯಕ್ಕೆ ಇಷ್ಟು ಸಾಕು.

ಪಿವಟ್ (ಎಕ್ಸೆಲ್‌ನ ಸಾರಾಂಶ ಕೋಷ್ಟಕ): ಟ್ಯಾಲಿಯಲ್ಲಿ ಆಲ್ಟ್+ಇ ಒತ್ತಿ ವರದಿಯನ್ನು ಎಕ್ಸೆಲ್‌ಗೆ ಕಳಿಸಿ. ಮೇಲಿನ ಕಂಪನಿ ಹೆಸರು, ವಿಳಾಸದ ಸಾಲುಗಳನ್ನೂ ಒಟ್ಟು ಮೊತ್ತದ ಸಾಲುಗಳನ್ನೂ ಅಳಿಸಿಯೇ ಪಿವಟ್ ಮಾಡಿ. ಒಟ್ಟು ಮೊತ್ತದ ಸಾಲು ಉಳಿದರೆ ಖರ್ಚು ಎರಡು ಪಟ್ಟಾಗುತ್ತದೆ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಬೆಳೆವಾರು ಲಾಭ ನೋಡುವವರಿಗೆ ಎರಡು ಲೆಕ್ಕದ ವರ್ಷಗಳ ಸಾಲುಗಳನ್ನು ಒಂದೇ ಹಾಳೆಗೆ ಸೇರಿಸಬಹುದಾದ ಈ ದಾರಿಯೇ ವಾಸಿ. ಪ್ರತಿ ತಿಂಗಳೂ ಅದೇ ಕೆಲಸ ಮಾಡಬೇಕು, ಅಷ್ಟೇ ಬೇಜಾರು.

ಒಡಿಬಿಸಿ (ಟ್ಯಾಲಿಯ ಅಂಕಿಗಳನ್ನು ಎಕ್ಸೆಲ್‌ಗೆ ನೇರ ಜೋಡಿಸುವ ಸಂಪರ್ಕ): ಎಕ್ಸೆಲ್‌ನಲ್ಲಿ ರಿಫ್ರೆಶ್ ಒತ್ತಿದರೆ ಹೊಸ ಅಂಕಿ. ಆದರೆ ಟ್ಯಾಲಿ ತೆರೆದು ಕಂಪನಿ ಲೋಡ್ ಆಗಿರಬೇಕು. ಪೋರ್ಟ್ (ಸಂಪರ್ಕದ ಸಂಖ್ಯೆ) ಸಾಮಾನ್ಯವಾಗಿ 9000. ಎಕ್ಸೆಲ್ 32 ಬಿಟ್, ಒಡಿಬಿಸಿಯ ಡ್ರೈವರ್ (ಜೋಡಿಸುವ ತಂತ್ರಾಂಶ) 64 ಬಿಟ್ ಆದರೆ ಸಂಪರ್ಕವೇ ಆಗದು. ಡೆಬಿಟ್ ಬಾಕಿ ಮೈನಸ್‌ನಲ್ಲಿ ಬರುತ್ತದೆ, ಗಾಬರಿ ಬೇಡ. ಲೆಡ್ಜರ್ (ಖಾತೆ) ಬಾಕಿಗಳಿಗೆ ಇದು ಚೆನ್ನ. ವೋಚರ್ ವಿವರಕ್ಕೆ ಟಿಡಿಎಲ್ (ಟ್ಯಾಲಿಯ ಪ್ರೋಗ್ರಾಂ ಭಾಷೆ) ಬರೆಯುವವರನ್ನು ಹಿಡಿಯಬೇಕಾದೀತು.