ಮೇವಿಸ್ ಸ್ಟೇಪಲ್ಸ್: ಮೊದಲು ಕೇಳಬೇಕಾದ ಆಲ್ಬಮ್ ‘ಯೂ ಆರ್ ನಾಟ್ ಅಲೋನ್’

ಅಮೆರಿಕದ ಗಾಸ್ಪೆಲ್ (ಚರ್ಚ್ ಭಕ್ತಿಗೀತೆ) ಮತ್ತು ಸೋಲ್ ಗಾಯಕಿ ಮೇವಿಸ್ ಸ್ಟೇಪಲ್ಸ್ ಅವರನ್ನು ಹೊಸದಾಗಿ ಕೇಳುವವರು 1969ರ ಮೊದಲ ಸೋಲೋ ಆಲ್ಬಮ್‌ನಿಂದ ಶುರು ಮಾಡುವುದು ಬೇಡ. ಕಂಠ ಅದೇ; ಹಾಡುಗಳಲ್ಲಿ ಹಲವು ಬೇರೆಯವರು ಆಗಲೇ ಹಾಡಿ ಗೆಲ್ಲಿಸಿದವು. 1989ರಲ್ಲಿ ಪಾಪ್ ತಾರೆ ಪ್ರಿನ್ಸ್ ಜೊತೆ ಮಾಡಿದ್ದರಲ್ಲಿ ಸಿಂಥಸೈಜರ್ ದನಿಯ ಮೇಲೆ ಕೂತುಬಿಡುತ್ತದೆ. 2010ರ ಈ ಆಲ್ಬಮ್ ಹಿಡಿಯಿರಿ.

ಕಾರಣ ಗಿಟಾರಿನಲ್ಲಿದೆ. ಮೇವಿಸ್ ಮೊದಲು ಹಾಡಿದ್ದು ಮನೆಯವರದೇ ತಂಡ ಸ್ಟೇಪಲ್ ಸಿಂಗರ್ಸ್‌ನಲ್ಲಿ; ಅಂದರೆ ಅಪ್ಪ ‘ಪಾಪ್ಸ್’ ಸ್ಟೇಪಲ್ಸ್ ಮತ್ತು ಅವರ ಮಕ್ಕಳು. ಅಪ್ಪನ ಗಿಟಾರಿಗೆ ಟ್ರೆಮೊಲೊ ಇತ್ತು: ಸ್ವರ ಅಲ್ಲೇ ನಿಂತು, ಸದ್ದು ಮಾತ್ರ ಸೆಕೆಂಡಿಗೆ ನಾಲ್ಕಾರು ಸಲ ಏರಿ ಇಳಿಯುತ್ತದೆ. ಅವರು 2000ದಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಈ ಆಲ್ಬಮ್‌ನ ನಿರ್ಮಾಪಕ, ವಿಲ್ಕೋ ಎಂಬ ರಾಕ್ ತಂಡದ ಜೆಫ್ ಟ್ವೀಡಿ ಆ ನಡುಕವನ್ನು ಮಗಳಿಗೆ ಮರಳಿ ಕೊಟ್ಟರು, ಅಪ್ಪನ ‘ಡೌನ್‌ವರ್ಡ್ ರೋಡ್’ ಹಾಡನ್ನೂ ಸೇರಿಸಿದರು. ಮೇವಿಸ್‌ಗೆ ಮೊದಲ ಗ್ರ್ಯಾಮಿ ಬಂದದ್ದು ಇದಕ್ಕೇ, 2011ರಲ್ಲಿ. ತಡವಾಗಿ ಬಂದ ಮರ್ಯಾದೆ.

ಕೊಡವರ ಜನಪದ ಹಾಡು ಬಾಳೋಪಾಟ್ ಕೇಳಿ ಬೆಳೆದ ಕಿವಿಗೆ ಇಲ್ಲಿನ ಸವಾಲು-ಜವಾಬು ಹೊಸದಲ್ಲ. ದುಡಿ (ಪುಟ್ಟ ಚರ್ಮವಾದ್ಯ) ಹಿಡಿದ ಮೊದಲ ಜೋಡಿ ಹಾಡಿದ್ದನ್ನು ಎರಡನೇ ಜೋಡಿ ಎತ್ತಿಕೊಳ್ಳುತ್ತದಲ್ಲ, ಹಾಗೆ. ಆದರೆ ಇಲ್ಲಿ ಎಷ್ಟೋ ಕಡೆ ಸಾಲು ಮುಗಿಯುವ ಮೊದಲೇ ಉತ್ತರ ನುಗ್ಗುತ್ತದೆ. ಈ ಹಾಡುಗಳನ್ನು ಎತ್ತಿಕೊಂಡ ಚರ್ಚಿನ ಕ್ವಾಯರ್‌ಗಳು (ಹಾಡುವ ತಂಡಗಳು) ಎಡವುವುದು ಇಲ್ಲೇ. ಎಲ್ಲರೂ ಮುಖ್ಯ ಸಾಲನ್ನೇ ಹಾಡಿದರೆ ಹಾಡು ಚಪ್ಪಟೆಯಾಗುತ್ತದೆ. ಒಬ್ಬರಿಗೆ ಸಾಲು, ಮೂವರಿಗೆ ಉತ್ತರ, ಚಪ್ಪಾಳೆ ಎರಡು ಮತ್ತು ನಾಲ್ಕನೇ ಪೆಟ್ಟಿಗೆ. ಮೇವಿಸ್ ಅವರದು ತೀರಾ ತಗ್ಗಿನ ದನಿ; ಅದೇ ಶ್ರುತಿಯಲ್ಲಿ ಸೊಪ್ರಾನೊಗಳಿಗೆ (ಎತ್ತರದ ದನಿಯ ಹೆಂಗಸರಿಗೆ) ಕೆಳಗಿನ ಸ್ವರ ಸಿಗುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಗುಂಡಿ) ಮೂರೋ ನಾಲ್ಕೋ ಅರ್ಧಸ್ವರ ಏರಿಸಿ.

‘ವಂಡರ್‌ಫುಲ್ ಸೇವಿಯರ್’ನಲ್ಲಿ ವಾದ್ಯವೇ ಇಲ್ಲ. ಪ್ರಾಕ್ಟೀಸಿಗೆ ಅದೇ ಮೊದಲಾಗಲಿ, ಒಂದೊಂದು ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ‘ರೋಟ್ ಎ ಸಾಂಗ್ ಫಾರ್ ಎವ್ರಿವನ್’ ಮಾತ್ರ ಎಳೆದಂತಿದೆ.

ಜುಲೈ ಮಳೆಯಲ್ಲಿ ಶೀಟಿನ ಕೆಳಗೆ ಕೂತು ಸ್ಪೀಕರಿನಲ್ಲಿ ಕೇಳಿದರೆ ಟ್ರೆಮೊಲೊ ಪೂರ್ತಿ ಮುಚ್ಚಿಹೋಗುತ್ತದೆ, ಹೆಡ್‌ಫೋನ್ ಬೇಕು. ಕರೆಂಟು ಹೋದರೆ ನೆಟ್‌ವರ್ಕ್‌ಗೂ ಭರವಸೆಯಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೊಂಡವರು ನೇರ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬೂಸಲು ಮೊದಲು ಹಿಡಿಯುವುದು ಕಾಗದದ ಒಳಕವರಿಗೆ, ಅಲ್ಲಿಂದ ತಟ್ಟೆಯ ಗೀರುಗಳಿಗೆ ಇಳಿದು ಚಟಪಟ ಸದ್ದು. ಮಳೆಗಾಲಕ್ಕೆ ಮುಂಚೆ ಒಳಕವರ್ ಪ್ಲಾಸ್ಟಿಕ್ಕಿನದಕ್ಕೆ ಬದಲಿಸಿಬಿಡಿ.