ನೆಲಕ್ಕಂಟಿದ ಮೋಡ: ಕೊಡಗಿನ ಟೈಲ್‌ಗೆ ಯಾವ ಉಪಗ್ರಹ ಚಿತ್ರ?

ಎಕ್ಸ್-ಪ್ಲೇನ್ ಎಂಬ ವಿಮಾನ ಸಿಮ್ಯುಲೇಟರ್‌ಗೆ, ಉಪಗ್ರಹ ಚಿತ್ರಗಳನ್ನು ನೆಲಕ್ಕೆ ಹೊದಿಸುವ ಆರ್ಥೋ4ಎಕ್ಸ್‌ಪಿ ತಂತ್ರಾಂಶದಲ್ಲಿ ಕೊಡಗಿನ +12+075 ಟೈಲ್ (ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ಚೌಕ) ಕಟ್ಟುವವರಿಗೆ ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಊರು, ಗದ್ದೆ, ರಸ್ತೆಗಳಿಗೆ ಝೂಮ್ 16ರ ಸ್ಪಷ್ಟ ಚಿತ್ರ ಇರಲಿ (ಝೂಮ್ ಸಂಖ್ಯೆ ಏರಿದಷ್ಟೂ ವಿವರ ಹೆಚ್ಚು). ಮೋಡ ಕೂತ ಬೆಟ್ಟಗಳಿಗೆ ಮಾತ್ರ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಮೋಡರಹಿತ ಮೊಸಾಯಿಕ್‌ನ (ಹಲವು ದಿನಗಳ ತಿಳಿ ಚಿತ್ರಗಳನ್ನು ಜೋಡಿಸಿದ್ದು) ತೇಪೆ ಹಾಕಿ.

ಇಡೀ ಟೈಲನ್ನು ಒಂದೇ ನಕ್ಷೆ ಸೇವೆಯಿಂದ ಇಳಿಸಿದಾಗ ತಡಿಯಂಡಮೋಳ್ ಇಳಿಜಾರಿಗೆ ಸುಣ್ಣ ಬಳಿದಂತಿತ್ತು. ಆ ಬಿಳುಪಿನ ನಡುವಿನಿಂದ ಸಿಮ್ಯುಲೇಟರ್ ನೆಟ್ಟ ಮರಗಳು ಎದ್ದು ನಿಂತಿದ್ದವು. ಝೂಮ್ 17ಕ್ಕೆ ಏರಿಸಿದರೆ ಅದೇ ಮೋಡ ಇನ್ನಷ್ಟು ಸ್ಪಷ್ಟವಾಗುತ್ತದೆ, ಅಷ್ಟೇ. ಒಂದೂವರೆ ಜಿಬಿಯ ಟೈಲ್ ಆರು ಜಿಬಿಯ ಹತ್ತಿರ ಹೋಗುತ್ತದೆ. ಕೆಲವೆಡೆ ಝೂಮ್ ಬದಲಾದರೆ ಚಿತ್ರ ತೆಗೆದ ದಿನವೂ ಬದಲಾಗುವುದುಂಟು, ಹಾಗಾಗಿ ಇಳಿಸುವ ಮುಂಚೆ ಎರಡನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ.

ಎರಡನೆಯ ದಾರಿ ನಕ್ಷೆ ಕಂಪನಿ ಎಸ್ರಿಯ ವೇಬ್ಯಾಕ್ ಸಂಗ್ರಹ. 2014ರಿಂದೀಚಿನ ಹಳೆಯ ಆವೃತ್ತಿಗಳು ಅಲ್ಲಿವೆ. ಬೆಟ್ಟ ತಿಳಿಯಾಗಿ ಕಾಣುವ ಆವೃತ್ತಿಯನ್ನು ಹುಡುಕಿ, ಅದರ ವಿಳಾಸವನ್ನು ಪ್ರೊವೈಡರ್ ಫೈಲಿಗೆ (ಚಿತ್ರ ಎಲ್ಲಿಂದ ಇಳಿಸಬೇಕೆಂದು ಆರ್ಥೋ4ಎಕ್ಸ್‌ಪಿಗೆ ಹೇಳುವ ಫೈಲ್) ಹಾಕಿದರೆ ಆಯಿತು. ಸ್ಪಷ್ಟತೆ ಹಾಗೇ ಉಳಿಯುತ್ತದೆ. ಆದರೆ ಆವೃತ್ತಿಯ ದಿನಾಂಕ ಬೇರೆ, ಚಿತ್ರ ತೆಗೆದ ದಿನಾಂಕ ಬೇರೆ. ಹತ್ತಾರು ಆವೃತ್ತಿಗಳಲ್ಲಿ ಅದೇ ಚಿತ್ರ, ಅದೇ ಮೋಡ ಸಿಗಬಹುದು. ಹೆಲಿಕಾಪ್ಟರ್‌ನಲ್ಲಿ ಕಣಿವೆಯೊಳಗೆ ಹಾರುವವರು ಈ ತಾಳ್ಮೆ ತೋರಿಸಲೇಬೇಕು.

ಇನ್ನು ತೇಪೆಯ ವಿಷಯ. ಸೆಂಟಿನೆಲ್-2ರ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್. ಕೊಡಗಿನ ಅಕ್ಷಾಂಶದಲ್ಲಿ ಝೂಮ್ 14ರ ಪಿಕ್ಸೆಲ್ ಸುಮಾರು 9.3 ಮೀಟರ್, ಅಂದರೆ ಎರಡೂ ಬಹುತೇಕ ಸಮ. ಈ ಚಿತ್ರವನ್ನು ಝೂಮ್ 16ರಲ್ಲಿ ಕೇಳಿದರೆ ಹಿಗ್ಗಿಸಿದ ಪಿಕ್ಸೆಲ್‌ಗಳಷ್ಟೇ ಸಿಗುತ್ತವೆ. ಝೂಮ್ 14ರ ಒಂದು ಟೆಕ್ಸ್ಚರ್ (ನೆಲಕ್ಕೆ ಹೊದಿಸುವ ಚಿತ್ರದ ತುಂಡು) 38 ಕಿಲೋಮೀಟರ್ ಅಗಲ, ಝೂಮ್ 16ರ ಹದಿನಾರರ ಜಾಗಕ್ಕೆ ಅದೊಂದೇ ಸಾಕು.

ಎಲ್ಲರೂ ಎಡವುವುದು ನೆರಳಿನಲ್ಲಿ. ತೇಪೆಯ ಜಾಗ ಗುರುತಿಸುವ ಬಹುಭುಜವನ್ನು ಬಿಳಿ ಭಾಗದ ಸುತ್ತ ಮಾತ್ರ ಎಳೆದು ಬಿಟ್ಟರೆ, ಮೋಡ ಹೋದರೂ ಪಕ್ಕದ ಕಾಡಿನಲ್ಲಿ ಮಸಿ ಚೆಲ್ಲಿದಂಥ ಕಲೆ ಉಳಿಯುತ್ತದೆ. ಇಂಥ ಚಿತ್ರ ತೆಗೆಯುವ ಬಹಳಷ್ಟು ಉಪಗ್ರಹಗಳು ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಹಾದು ಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುವುದರಿಂದ ನೆರಳು ವಾಯವ್ಯಕ್ಕೆ ಬೀಳುತ್ತದೆ. ನೆಲದಿಂದ 1500 ಮೀಟರ್ ಮೇಲಿನ ಮೋಡದ ನೆರಳು ಸುಮಾರು 1.3 ಕಿಲೋಮೀಟರ್ ಆಚೆ ಇರುತ್ತದೆ. ಹಾಗಾಗಿ ಬಹುಭುಜವನ್ನು ವಾಯವ್ಯಕ್ಕೆ ಎರಡು ಕಿಲೋಮೀಟರ್ ಹಿಗ್ಗಿಸಿ. ಅಂಚನ್ನು ಕಾಡಿನ ನಡುವೆ ಹಾಯಿಸಬೇಡಿ, ಹೊಳೆಯ ಗುಂಟವೋ ಬೆಟ್ಟದ ನೆತ್ತಿಯ ಗುಂಟವೋ ಹೋಗಲಿ, ಬಣ್ಣದ ವ್ಯತ್ಯಾಸ ಅಲ್ಲಿ ಕಣ್ಣಿಗೆ ಹೊಡೆಯುವುದಿಲ್ಲ. ಹಸಿರು ತೀರಾ ಬೇರೆ ಕಂಡರೆ ಪ್ರೊವೈಡರ್ ಫೈಲಿನಲ್ಲೇ ಕಲರ್ ಫಿಲ್ಟರ್ ಕೊಡಬಹುದು.

ಬಹುಭುಜ ಸೇವ್ ಮಾಡಿದ ಮೇಲೆ ಕೊನೆಯ ಹಂತವಾದ ಇಮೇಜರಿಯನ್ನಷ್ಟೇ ಮತ್ತೆ ಓಡಿಸಿ, ನೆಲದ ಏರಿಳಿತದ ಜಾಲವಾದ ಮೆಶ್ ಮುಟ್ಟಬೇಕಿಲ್ಲ. ಟೆಕ್ಸ್ಚರ್ ಉಳಿಯುವ ಡಿಡಿಎಸ್ ಫೈಲಿನ ಹೆಸರಲ್ಲೇ ಪ್ರೊವೈಡರ್ ಸಂಕೇತ, ಝೂಮ್ ಎರಡೂ ಇರುವುದರಿಂದ ಬಳಕೆ ತಪ್ಪಿದ ಹಳೆಯವನ್ನು ಗುರುತಿಸಿ ಅಳಿಸುವುದು ಸುಲಭ. ಒಂದೊಂದೂ ಹತ್ತು ಎಂಬಿ ದಾಟುತ್ತದೆ.

ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಪಕ್ಕದ ಕಾಡನ್ನು ಕ್ಲೋನ್ ಮಾಡಿ ಮೋಡ ಅಳಿಸುವುದು ನಾಲ್ಕಾರು ಎಕರೆಯ ಚುಕ್ಕೆಗಾದರೆ ಸರಿ, ಗುಡ್ಡಸಾಲಿಗೆ ಆಗದು.

ಸೆಸ್ನಾದಲ್ಲಿ ಎಂಟು ಸಾವಿರ ಅಡಿಯಲ್ಲಿ ಮೈಸೂರಿನಿಂದ ಮಂಗಳೂರಿಗೆ ಹಾರುವ ನನ್ನಂಥವರಿಗೆ, 512 ಜಿಬಿ ಡಿಸ್ಕಿನಲ್ಲಿ ಇಡೀ ಪಶ್ಚಿಮ ಘಟ್ಟವನ್ನು ಹಿಡಿಸಬೇಕಾದವರಿಗೆ, ತೇಪೆಯೇ ಸರಿ. ಆ ಎತ್ತರದಿಂದ ನೋಡಿದರೆ ಕಾಡಿನಲ್ಲಿ ತೇಪೆಯ ಮಸುಕನ್ನು ಸಿಮ್ಯುಲೇಟರ್ ನೆಟ್ಟ ಮರಗಳೇ ಮುಚ್ಚಿಬಿಡುತ್ತವೆ. ಮಡಿಕೇರಿ ಪಟ್ಟಣ, ಕುಶಾಲನಗರದ ಬಯಲುಗಳಲ್ಲಿ ಮಾತ್ರ ತೇಪೆ ಬೇಡ, ಅಲ್ಲಿ ರಸ್ತೆಯೇ ಕಾಣದಂತಾಗುತ್ತದೆ.